ಬಟನ್ ಮೇಲಿನ ಬೊಟ್ಟು

ನಿವೃತ್ತಿಯಾಗಿ ಮನೆ ಸೇರಿದ ವಾರದಲ್ಲೇ ನನ್ನ ಹೆಂಡತಿ ಶಬಾನಾ ನನ್ನ ಟೂಲ್ ಬ್ಯಾಗನ್ನು ಹಜಾರದಲ್ಲಿ ಸುರಿದುಕೊಂಡು ಸ್ವಚ್ಛ ಮಾಡಲು ಕುಳಿತಳು. ಸ್ಕ್ರೂಡ್ರೈವರು, ತಂತಿ ಚೂರು, ಸವೆದ ಕೀಪ್ಯಾಡುಗಳ ನಡುವಿನಿಂದ ಹೆಂಗಸರು ಹಣೆಗಿಟ್ಟುಕೊಳ್ಳುವ ಕಲ್ಲಿನ ಬೊಟ್ಟಿನ ಪಾಕೀಟೊಂದು ಜಾರಿ ಬಿತ್ತು. ಅರ್ಧ ಖಾಲಿಯಾಗಿತ್ತು. ನಮ್ಮ ಮನೆಯಲ್ಲಿ ಬೊಟ್ಟು ಇಡುವವರು ಯಾರೂ ಇಲ್ಲ.

"ಯೇ ಕ್ಯಾ ಜೀ?" ಎಂದು ಅದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಅದು ಕಂಪನಿ ಸಾಮಾನು" ಎಂದೆ.

"ಇಷ್ಟು ವರ್ಷ ಕಂಪ್ಯೂಟರ್ ಕೆಲಸ ಅಂತ ಹೇಳಿ ಬಳೆ ಅಂಗಡಿ ಇಟ್ಕೊಂಡಿದ್ರಾ?" ಎಂದು ಕೇಳಿದಳು. ಕಥೆ ಪೂರ್ತಿ ಹೇಳಿದ ಮೇಲೆ ಪಾಕೀಟಿನ ಧೂಳು ಒರೆಸಿ ಮತ್ತೆ ಬ್ಯಾಗಿಗೇ ಹಾಕಿದಳು. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೂ ನಾನು ಹೇಳಬೇಕೆಂದಿರುವುದು ಅದೇ ಕಥೆ. ಆದರೆ ಅದಕ್ಕೆ ಮೊದಲು ಕೆಲಸವೇನೆಂದು ಹೇಳದಿದ್ದರೆ ಅದರ ತಲೆಬುಡ ತಿಳಿಯುವುದಿಲ್ಲ.

ನನ್ನ ಹೆಸರು ಅನ್ವರ್. ಶಿಡ್ಲಘಟ್ಟದವನು. ಅಬ್ಬಾ ಮನೆ ಮುಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳ ತುದಿ ಬಿಳಿಚಿಕೊಂಡ ಜನರ ನಡುವೆ ನಾನು ಬೆಳೆದೆ. ಮಗನ ಬೆರಳಾದರೂ ಒಣಗಿರಲಿ ಎಂದು ಅಬ್ಬಾ ಡಿಪ್ಲೊಮಾ ಓದಿಸಿದರು. ಚಿಕ್ಕಬಳ್ಳಾಪುರದ ಒಂದು ಸಣ್ಣ ಕಂಪನಿ ಸೇರಿಕೊಂಡವನು ಕೊನೆಯವರೆಗೂ ಅಲ್ಲೇ ಉಳಿದೆ.

ಕಂಪನಿ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಹಾಲಿನ ಡೇರಿಗೊಂದು ತರಹ, ಅಂಗಡಿ ತಕ್ಕಡಿಗೊಂದು ತರಹ, ರೇಷ್ಮೆ ಹುಳು ಮನೆಗೊಂದು ತರಹ. ಪ್ರತಿ ಪೆಟ್ಟಿಗೆಯೊಳಗೂ ಬೆಂಕಿಪೊಟ್ಟಣದಷ್ಟು ಚಿಕ್ಕ ಕಂಪ್ಯೂಟರು, ಮುಂದುಗಡೆ ಕೆಲವು ಬಟನ್ನು. ಜನ ಬಟನ್ ಒತ್ತಿದ್ದು ಒಳಗಿನ ಕಂಪ್ಯೂಟರಿಗೆ ಸರಿಯಾಗಿ ತಿಳಿಯುವಂತೆ ಮಾಡುವುದು ನನ್ನ ಕೆಲಸ. ಕೇಳಿದವರು "ಅಷ್ಟೇನಾ?" ಎನ್ನುತ್ತಿದ್ದರು. ಹೌದು, ಅಷ್ಟೇ. ಆದರೆ ಒಂದು ಬಟನ್ ಒತ್ತಿದಾಗ ಒಳಗೆ ಅದು ಒಂದೇ ಸಲ ಮುಟ್ಟುವುದಿಲ್ಲ. ನಡುಗುತ್ತ ಹಲವು ಸಲ ಮುಟ್ಟಿ ಬಿಡುತ್ತದೆ. ಕಂಪ್ಯೂಟರು ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಏಳು ಒತ್ತಿದವನಿಗೆ ಎಪ್ಪತ್ತೇಳು ಸಿಗುತ್ತದೆ. ಎಷ್ಟು ಹೊತ್ತು ಕಾದು ನಂಬಬೇಕು, ಒತ್ತಿ ಹಿಡಿದರೆ ಅಂಕಿ ಓಡಬೇಕೋ ನಿಲ್ಲಬೇಕೋ, ಯಾವ ಬಟನ್ ಯಾವ ಕೆಲಸಕ್ಕೆ, ಎರಡು ಒಟ್ಟಿಗೆ ಒತ್ತಿದರೆ ಯಾರ ಮಾತು ಕೇಳಬೇಕು, ಇವನ್ನೆಲ್ಲ ಅದಕ್ಕೆ ಒಂದೊಂದಾಗಿ ಹೇಳಿಕೊಡಬೇಕು.

ನಾನು ಹುಟ್ಟಾ ಪುಕ್ಕಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ. ಪೆಟ್ಟಿಗೆ ಕೂರಿಸಿ ಬಸ್ ಹತ್ತಿದ ಮೇಲೆ ಮೇಲಿನ ಸಾಲಿನ ಕೊನೆಯ ಬಟನ್ ಒತ್ತಿ ನೋಡಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಎಷ್ಟೋ ಸಲ ನಡುದಾರಿಯಲ್ಲಿ ಇಳಿದು ಹಿಂದಿರುಗಿದ್ದೇನೆ. ಈ ಭಯ ನನ್ನ ನಿದ್ದೆ ತಿಂದಿದೆ, ಕೆಲವು ಸಲ ಮಾನ ಉಳಿಸಿದೆ. ಎಲ್ಲಕ್ಕಿಂತ ದೊಡ್ಡ ಭಯ ಪಟ್ಟದ್ದು ದಿಬ್ಬೂರಹಳ್ಳಿಯ ಮುನಿರತ್ನಮ್ಮನವರ ಕತ್ತಲೆ ಕೋಣೆಯಲ್ಲಿದ್ದ ರೇಷ್ಮೆ ಮೊಟ್ಟೆಗಳಿಗಾಗಿ. ಅಲ್ಲಿಗೆ ಬರುತ್ತೇನೆ.

ಮೊದಲ ಪಾಠ ಕಲಿತದ್ದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ. ಅಲ್ಲಿನ ಹಾಲಿನ ಡೇರಿಯ ಕಾರ್ಯದರ್ಶಿ ವೆಂಕಟರೆಡ್ಡಿ ಎಂಬುವರು. ಹಾಲು ಹಾಕುವವರ ನಂಬರ್ ಒತ್ತಿದರೆ ಒಮ್ಮೊಮ್ಮೆ ಅಂಕಿ ಎರಡೆರಡು ಬೀಳುತ್ತಿತ್ತು. ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗಿ, ಕಾರ್ಯದರ್ಶಿಯೇ ಕೈಚಳಕ ಮಾಡುತ್ತಾನೆಂದು ಊರಲ್ಲಿ ಗುಸುಗುಸು ಎದ್ದಿತ್ತು.

"ಸಾಬ್ರೇ, ನಾನು ತಿನ್ನೋನಲ್ಲ. ನನ್ ಮಾನ ಹೋಗ್ತೈತೆ. ಏನಾರಾ ಮಾಡಿ" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ಆಫೀಸಿನಲ್ಲಿ ಸಾವಿರ ಸಲ ಒತ್ತಿದರೂ ತಪ್ಪದ ಕೀಪ್ಯಾಡು ಅದು. ಅಲ್ಲಿ ಹೋಗಿ ನೋಡಿದರೆ ಅದಕ್ಕೆ ಖಾಲಿ ಹಾಲಿನ ಕವರೊಂದನ್ನು ಬಿಗಿಯಾಗಿ ತೊಡಿಸಿದ್ದರು. ಹಾಲಿನ ಕೈ ತಾಗಿ ಹಾಳಾಗಬಾರದೆಂಬ ಕಾಳಜಿ. ಪ್ಲಾಸ್ಟಿಕ್ಕಿನ ಮೇಲಿಂದ ಬೆರಳು ನಿಧಾನ ಇಳಿದು ನಿಧಾನ ಏಳುತ್ತಿತ್ತು, ಅದರ ನಡುಕವೆಲ್ಲ ಎರಡೆರಡು ಅಂಕಿಯಾಗುತ್ತಿತ್ತು. ಕಾಯುವ ಹೊತ್ತನ್ನು ಹೆಚ್ಚಿಸಿದೆ. ಊರವರ ಮುಂದೆಯೇ ವೆಂಕಟರೆಡ್ಡಿಯವರ ಕೈಯಿಂದಲೇ ಒತ್ತಿಸಿ ತೋರಿಸಿದೆ. ಅವರ ಮುಖ ಅರಳಿದ್ದನ್ನು ಕಂಡು ನನಗೆ ಕಣ್ಣು ತುಂಬಿತು. ಮುಂದಿನ ವಾರ ಅವರ ಮಗಳು ಕೂತು ಸರಸರನೆ ಒತ್ತಿದಳಂತೆ, ಪೆಟ್ಟಿಗೆ ಕಾಯುತ್ತಲೇ ಇದ್ದು ಅಂಕಿಗಳನ್ನು ನುಂಗಿಹಾಕಿತು ಎಂದು ಫೋನು ಬಂತು. ಮತ್ತೆ ಹೋದೆ.

ನಮ್ಮ ಯಜಮಾನರು ನಾಗರಾಜಯ್ಯನವರು ನಗುತ್ತಿದ್ದರು. "ಕೀಪ್ಯಾಡ್ ಕೆಲ್ಸ ಅಂದ್ರೆ ಉಪ್ಪು ಹಾಕೋ ಕೆಲ್ಸ ಕಣಯ್ಯಾ. ಸರಿಯಾಗಿದ್ರೆ ಯಾರೂ ನೆನೆಸ್ಕೊಳಲ್ಲ, ಒಂಚೂರು ಆಚೀಚೆ ಆದ್ರೆ ಎಲ್ರೂ ಮುಖ ಕಿವುಚ್ತಾರೆ." ಒಳ್ಳೆಯ ಮನುಷ್ಯ. ಗದರಿಸುತ್ತಿದ್ದರು, ಆದರೆ ಗಿರಾಕಿಯ ಮುಂದೆ ನಮ್ಮನ್ನು ಎಂದೂ ಬಿಟ್ಟುಕೊಡುತ್ತಿರಲಿಲ್ಲ.

ಅವರ ಒಂದು ಕಟ್ಟಪ್ಪಣೆ ಹುಟ್ಟಿದ್ದು ಗೌರಿಬಿದನೂರು ಕಡೆಯ ಮಂಚೇನಹಳ್ಳಿಯಿಂದ. ಆಯುಧ ಪೂಜೆಯ ಮರುದಿನ ಅಲ್ಲಿನ ಗೊಬ್ಬರದ ಅಂಗಡಿಯವರು ತಕ್ಕಡಿ ಕೆಟ್ಟಿದೆ ಎಂದು ಕರೆದರು. ಹೋಗಿ ನೋಡಿದರೆ ಒಂದೊಂದು ಬಟನ್ನಿಗೂ ಅರಿಶಿನ, ಅದರ ಮೇಲೆ ಕುಂಕುಮ, ನಡುವೆ ಒಂದೊಂದು ಅಕ್ಷತೆ ಕಾಳು. ಒದ್ದೆ ಅರಿಶಿನ ಸಂದಿಗಿಳಿದು ಒಣಗಿ ಬಟನ್ನುಗಳು ಕಲ್ಲಾಗಿದ್ದವು.

"ದುಡಿಯೋ ಸಾಮಾನು ಸಾಬ್ರೇ, ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಹೆಂಗೆ?" ಎಂದು ಅಂಗಡಿಯವರು ಕೇಳಿದರು. ಅವರ ನ್ಯಾಯ ಅವರಿಗೆ. ನಾನು ಸೂಜಿ ಹಿಡಿದು ಮಧ್ಯಾಹ್ನದವರೆಗೆ ಕುಂಕುಮ ಕೆದಕಿದೆ. ಆ ಮೇಲೆ ನಾಗರಾಜಯ್ಯನವರು ಸರ್ವಿಸ್ ಹುಡುಗರಿಗೆಲ್ಲ ಹೇಳಿಬಿಟ್ಟರು: ಎಲ್ಲಿಗೆ ಹೋದರೂ ಬಟನ್ ಮೇಲೆ ಏನಿದ್ದರೂ ಕಿತ್ತು, ಒರೆಸಿ, ಸ್ವಚ್ಛ ಮಾಡಿಯೇ ಬರಬೇಕು. ನನ್ನಂಥ ಪುಕ್ಕಲನಿಗೆ ಇಂಥ ಅಪ್ಪಣೆ ಎಂದರೆ ವೇದವಾಕ್ಯ.

ಇನ್ನು ದಿಬ್ಬೂರಹಳ್ಳಿ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹಿಪ್ಪುನೇರಳೆ ತೋಟವಿಲ್ಲದ ಮನೆ ಹುಡುಕಬೇಕು. ಮುನಿರತ್ನಮ್ಮನವರು ಅಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದರು. ಎಂದರೆ ಊರವರ ರೇಷ್ಮೆ ಮೊಟ್ಟೆಗಳನ್ನು ತಮ್ಮಲ್ಲಿ ಒಡೆಸಿ, ಮರಿ ಹುಳುಗಳು ಎರಡನೇ ಜ್ವರದಿಂದ ಏಳುವವರೆಗೆ ಸಾಕಿ, ಆಮೇಲೆ ಅವರವರ ಮನೆಗೆ ಕೊಡುವುದು. ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊದಲೆಲ್ಲ ಅವರವರೇ ಮನೆಯಲ್ಲಿ ಮೊಟ್ಟೆ ಒಡೆಸಿಕೊಳ್ಳುತ್ತಿದ್ದರು. ಮುನಿರತ್ನಮ್ಮನವರು ಮನೆ ಮನೆಗೆ ಹೋಗಿ "ನನ್ ಕೈಗೆ ಕೊಡ್ರವ್ವಾ, ನಾನ್ ನೋಡ್ಕೋತೀನಿ" ಎಂದು ಒಪ್ಪಿಸಿದ್ದರು. ಆ ಮಾತೇ ಅವರ ಬಂಡವಾಳ. ಒಂದು ಸಲ ಮೊಟ್ಟೆ ಕೆಟ್ಟರೆ ಊರಿನ ಬೆಳೆಯ ಜೊತೆ ಆ ಮಾತೂ ಹೋಗುತ್ತಿತ್ತು.

ಅವರ ಕೋಣೆಯ ಬಿಸಿ ಮತ್ತು ತೇವವನ್ನು ಹದದಲ್ಲಿಡುವುದಕ್ಕೆ ನಮ್ಮ ಪೆಟ್ಟಿಗೆ. ಹಳೆಯ ಮಾದರಿ, ರಬ್ಬರ್ ಬಟನ್ನಿನದು. ಸರ್ವಿಸಿಗೆ ಮೊದಲ ಸಲ ಹೋದಾಗಲೇ ಕಂಡದ್ದು: ಬಿಸಿ ಏರಿಸುವ ಬಟನ್ ಮೇಲೆ ಒಂದು ಕಲ್ಲಿನ ಬೊಟ್ಟು, ಇಳಿಸುವ ಬಟನ್ ಮೇಲೆ ಎರಡು. ಮಂಚೇನಹಳ್ಳಿಯ ಕುಂಕುಮ ಕಣ್ಣ ಮುಂದೆ ಬಂತು. ಉಗುರಿನಿಂದ ಕಿತ್ತು, ಸ್ಪಿರಿಟ್ ಹಾಕಿ ಒರೆಸಿದೆ.

"ಅಣ್ಣ, ಅದಿರ್ಲಿ ಬಿಡು. ಬೇಕಾಯ್ತದೆ" ಎಂದರು ಮುನಿರತ್ನಮ್ಮ.

"ಇಲ್ಲಮ್ಮ, ಯಜಮಾನ್ರು ಬೈತಾರೆ" ಎಂದೆ.

ಅವರ ಅತ್ತೆ ಪಾಪಮ್ಮನವರು ಬಾಗಿಲಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದವರು ತೆಲುಗಿನಲ್ಲಿ "ಎಂದುಕು ತೀಸ್ತಾವು ನಾಯನಾ" ಎಂದರು, ಯಾಕಪ್ಪ ತೆಗೀತೀಯ ಎಂದು. ನಾನು ನಕ್ಕೆ. ಮುಂದಿನ ಸಲ ಹೋದಾಗ ಬೊಟ್ಟು ಮತ್ತೆ ಇತ್ತು. ನಾನು ಮತ್ತೆ ಕಿತ್ತೆ. ಹೀಗೇ ವರ್ಷಗಟ್ಟಲೆ ನಡೆಯಿತು. ಪಾಪ, ಭಕ್ತಿ ಜಾಸ್ತಿ ಎಂದುಕೊಂಡಿದ್ದೆ. ಆಫೀಸಿನಲ್ಲಿ ನಾವೆಲ್ಲ ಅದನ್ನು "ಬೊಟ್ಟಮ್ಮನ ಪೆಟ್ಟಿಗೆ" ಎಂದೇ ಕರೆಯುತ್ತಿದ್ದೆವು.

ನನ್ನ ಸೇವೆಯ ಕೊನೆಯ ವರ್ಷ ದಿವ್ಯ ಎಂಬ ಇಂಜಿನಿಯರ್ ಹುಡುಗಿ ಸೇರಿದಳು. ಅವಳು ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಒಂದು ಬಟನ್ನಿನ ಕೆಲಸ ಬದಲಿಸಬೇಕಾದರೆ ಪೆಟ್ಟಿಗೆ ಬಿಚ್ಚಿ, ಚಿಪ್ ಕಿತ್ತು, ಆಫೀಸಿಗೆ ತಂದು ಹೊಸದಾಗಿ ಬರೆದು ಮತ್ತೆ ಕೂರಿಸಬೇಕಿತ್ತು. ಅವಳು ಬಟನ್ನುಗಳ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟಳು. ಲ್ಯಾಪ್‌ಟಾಪಿಗೆ ಒಂದು ವೈರು ಸಿಕ್ಕಿಸಿ ಹೊಲದ ಬದುವಿನಲ್ಲೇ ಬದಲಿಸಬಹುದಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳು ಮಾಡಿದ್ದು ಎಷ್ಟು ಚೆನ್ನಾಗಿತ್ತೆಂದರೆ ಹೊಟ್ಟೆಕಿಚ್ಚು ಬಹಳ ದಿನ ಬಾಳಲಿಲ್ಲ.

ಹುಳು ಮನೆಯ ಪೆಟ್ಟಿಗೆಗೆ ಅವಳು ಬಟನ್ನೇ ಇಲ್ಲದ ಹೊಸ ಮುಖ ಮಾಡಿದಳು. ನುಣ್ಣನೆಯ ಗಾಜು. ಬೆರಳು ತಾಗಿದರೆ ಸಾಕು, ದೀಪ ಹತ್ತಿ ಅಂಕಿ ಬರುತ್ತದೆ. ಅದಕ್ಕೊಂದು ಒಳ್ಳೆಯ ಕಾರಣವೂ ಇತ್ತು. ಹುಳು ಮನೆಗೆ ಹೋಗುವವರು ರೋಗ ಬರದಿರಲಿ ಎಂದು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈ ಅದ್ದಿಯೇ ಹೋಗಬೇಕು. ಆ ನೀರು ಹಳೆಯ ಬಟನ್ನುಗಳ ಒಳಗಿಳಿದು ತಿಂದುಹಾಕುತ್ತಿತ್ತು. ಗಾಜಿನೊಳಗೆ ಏನೂ ಇಳಿಯುವಂತಿರಲಿಲ್ಲ.

"ಒದ್ದೆ ಕೈ ಅಮ್ಮ. ಗಾಜು ಗಲಿಬಿಲಿ ಆಗಲ್ವಾ?" ಎಂದು ನಾನು ಕೇಳಿದೆ. ಅಬ್ಬಾನ ಶೆಡ್ಡಿನಲ್ಲಿ ಬಿಸಿನೀರಿಗೆ ಬಿಳಿಚಿಕೊಂಡ ಬೆರಳುಗಳು ನನಗೆ ನೆನಪಿದ್ದವು.

"ಟೆಸ್ಟ್ ಮಾಡಣ ಸರ್" ಎಂದು ಅವಳು ಲೋಟದಲ್ಲಿ ನೀರು ತಂದು ಗಾಜಿನ ಮೇಲೆ ಚಿಮುಕಿಸಿದಳು. ಹನಿ ಬಿದ್ದರೆ ಅದು ಬೆರಳಲ್ಲ ಎಂದು ತಿಳಿಯುವಂತೆ ಮಾಡಿದ್ದಳು. ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ ಒತ್ತಿದೆವು. ಸರಿಯಾಗಿ ತೆಗೆದುಕೊಂಡಿತು. ನನಗೆ ಹುಡುಕಲು ಭಯವೇ ಸಿಗಲಿಲ್ಲ. ಅದೇ ಭಯವಾಯಿತು.

ಮೊದಲ ಹೊಸ ಪೆಟ್ಟಿಗೆ ಹೋದದ್ದು ಮುನಿರತ್ನಮ್ಮನವರಲ್ಲಿಗೆ. ಮಾಗಿಯ ಚಳಿಗಾಲ. ಕೋಣೆಯ ಬಾಗಿಲು ಕಿಟಕಿ ತೆರೆದು, ಒಳ್ಳೆಯ ಬೆಳಕಿನಲ್ಲಿ ನಾನೇ ಕೂರಿಸಿದೆ. ಅವರು ಗಾಜನ್ನು ಸವರಿ ನೋಡಿದರು.

"ಕೈಗೆ ಏನೂ ಸಿಗಲ್ವಲ್ಲ ಅಣ್ಣ" ಎಂದರು.

"ಮುಟ್ಟಿದ್ರೆ ಸಾಕಮ್ಮ, ದೀಪ ಬರ್ತದೆ. ಕಣ್ಣಿಗೆ ಕಾಣ್ತದಲ್ಲ" ಎಂದೆ.

ಅವರು ಇನ್ನೊಂದು ಸಲ ಗಾಜನ್ನು ಸವರಿದರು. ಹಳೆಯ ಕೀಪ್ಯಾಡನ್ನು ಬಿಸಾಡಲು ಮನಸ್ಸು ಬಾರದೆ ಬ್ಯಾಗಿನಲ್ಲಿ ಹಾಕಿಕೊಂಡೆ. ನನಗೆ ಹಳೆಯ ಸಾಮಾನು ಬಿಸಾಡುವುದೆಂದರೆ ಮೊದಲಿಂದಲೂ ಭಯ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಆಫೀಸಿನಲ್ಲಿ ಟೀ ಕುಡಿಯುತ್ತಿದ್ದಾಗ ಅವರ ಫೋನು ಬಂತು.

"ಅಣ್ಣ, ಪೆಟ್ಟಿಗೆ ನಿಲ್ದಂಗೆ ಕೂಗ್ತೈತೆ. ಕೋಣೆ ಒಳಗೆ ಹೋದ್ರೆ ಮುಖಕ್ಕೆ ಹಬೆ ಹೊಡ್ದಂಗೆ ಬಿಸಿ."

"ಎಷ್ಟು ತೋರಿಸ್ತಿದೆಯಮ್ಮ?"

"ಅದ್ಯಂಗೆ ಹೇಳ್ಲಿ? ಗಾಜಿಗೆ ಬಟ್ಟೆ ಮುಚ್ಚಿದ್ದೀನಿ. ಮೊಟ್ಟೆ ಕತ್ಲೆಗೆ ಇಟ್ಟಿದ್ದೀನಲ್ಲ, ದೀಪ ಬೀಳ್ಬಾರ್ದು."

ಟೀ ಲೋಟ ಕೆಳಗಿಟ್ಟೆ. ರೇಷ್ಮೆ ಮೊಟ್ಟೆಯಲ್ಲಿ ಕಪ್ಪು ಚುಕ್ಕಿ ಕಂಡ ಮೇಲೆ ಅದನ್ನು ಕತ್ತಲಲ್ಲಿಡುತ್ತಾರೆ. ಕತ್ತಲಲ್ಲಿದ್ದರೆ ಮೊದಲು ಸಿದ್ಧವಾದದ್ದೂ ಹಿಂದುಳಿದದ್ದೂ ಕಾದು, ಬೆಳಕಿಗೆ ತೆಗೆದ ಬೆಳಗ್ಗೆ ಎಲ್ಲ ಒಟ್ಟಿಗೆ ಒಡೆಯುತ್ತವೆ. ನಡುವೆ ಬೆಳಕು ತಾಗಿದರೆ ಹಿಂದೆಮುಂದಾಗಿ, ಹುಳುಗಳು ಕೊನೆಯವರೆಗೂ ಒಂದು ಸಮನಾಗುವುದಿಲ್ಲ. ಕೆಲವರು ಮೊಟ್ಟೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಸುಮ್ಮನಾಗುತ್ತಾರೆ. ಮುನಿರತ್ನಮ್ಮ ಊರಿನ ಮೊಟ್ಟೆ ಎಂದು ಕೋಣೆಯನ್ನೇ ಕತ್ತಲು ಮಾಡುತ್ತಿದ್ದರು. ರೇಷ್ಮೆ ಊರಿನಲ್ಲಿ ಹುಟ್ಟಿದ ನನಗೆ ಇದೆಲ್ಲ ಗೊತ್ತಿತ್ತು. ಆದರೆ ಕತ್ತಲು ಮಾಡಿದಾಗ ಬಟನ್ ಒತ್ತುವವರು ಹೇಗೆ ಒತ್ತುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಾವು ಸರ್ವಿಸಿಗೆ ಹೋಗುತ್ತಿದ್ದದ್ದು ಕೋಣೆ ಖಾಲಿಯಿದ್ದಾಗ, ಬೆಳಕಿನಲ್ಲಿ.

"ಯಾವ ಬಟ್ಟೆ ಮುಚ್ಚಿದೀರಮ್ಮ? ಒದ್ದೆದಾ?"

"ಹೂಂ ಅಣ್ಣ. ತೇವ ಇರ್ಲಿ ಅಂತ ಒಳಗಿನ ಬಟ್ಟೆಯೆಲ್ಲ ನೆನೆಸೇ ಅಲ್ವಾ ಹಾಕೋದು?"

ನನಗೆ ಅಲ್ಲೇ ತಿಳಿಯಿತು. ಹನಿ ಬಿದ್ದರೆ ಬೆರಳಲ್ಲವೆಂದು ಗಾಜಿಗೆ ಗೊತ್ತು. ಮಡಿಸಿದ ಒದ್ದೆ ಬಟ್ಟೆಯ ಅಂಚು ಭಾರವಾಗಿ ಒಂದೇ ಕಡೆ ಒರಗಿದರೆ ಅದಕ್ಕೆ ಬೆರಳೇ. ಒರಗಿದ್ದು ಬಿಸಿ ಏರಿಸುವ ಜಾಗದ ಮೇಲೆ. ಒತ್ತಿ ಹಿಡಿದರೆ ಅಂಕಿ ಓಡುತ್ತದೆ, ಓಡುತ್ತಲೇ ಇತ್ತು. ಮೇಲಿನ ಮಿತಿ ಒಂದಿತ್ತು. ಆದರೆ ಅದೇ ಪೆಟ್ಟಿಗೆಯನ್ನು ರೇಷ್ಮೆ ಗೂಡು ಒಣಗಿಸುವವರಿಗೂ ಮಾರಬೇಕೆಂದಿದ್ದುದರಿಂದ ಆ ಮಿತಿ ಮೊಟ್ಟೆ ತಡೆಯುವುದಕ್ಕಿಂತ ಬಹಳ ಮೇಲಿತ್ತು. ಗಾಜಿಗೆ ಒದ್ದೆ ಬಟ್ಟೆ ಮುಚ್ಚುವುದು ಆಫೀಸಿನಲ್ಲಿ ಕೂತವರು ಯಾರೂ ಮಾಡದ ಕೆಲಸ. ಹುಳು ಸಾಕುವವರು ಅದನ್ನು ಬಿಟ್ಟು ಬೇರೆ ಮಾಡುವುದೂ ಇಲ್ಲ.

"ಬಟ್ಟೆ ತೆಗೀಬೇಡಿ, ದೀಪ ಬರ್ತದೆ. ಮೊದ್ಲು ವೈರ್ ಕಿತ್ಹಾಕಿ. ನಾವ್ ಬರ್ತಾ ಇದೀವಿ" ಎಂದೆ.

ದಿವ್ಯ ಕಂಪನಿಯ ಓಮ್ನಿ ಓಡಿಸಿದಳು. ಶಿಡ್ಲಘಟ್ಟ ದಾಟಿತು. ಆಮೇಲೆ "ಸರ್, ಎಲ್ಲಾ ಸತ್ತೋಗಿದ್ರೆ?" ಎಂದಳು. ಸಮಾಧಾನ ಹೇಳಬೇಕಾದ ವಯಸ್ಸು ನನ್ನದು. ನಾನು ಕಿಟಕಿಯಾಚೆ ನೋಡಿದೆ. ದಾರಿಯುದ್ದಕ್ಕೂ ಎರಡು ಕಡೆ ಹಿಪ್ಪುನೇರಳೆ ಸೊಪ್ಪು ಹಸಿರಾಗಿ ನಿಂತಿತ್ತು. ಎಲ್ಲ ಆ ಮೊಟ್ಟೆಗಳಿಗಾಗಿಯೇ ಬೆಳೆಸಿದ್ದು. ತಿನ್ನಲು ಹುಳು ಬಾರದಿದ್ದರೆ ಆ ಸೊಪ್ಪನ್ನು ಏನು ಮಾಡುತ್ತಾರೆ ಎಂದು ಯೋಚಿಸುತ್ತ ಕೂತೆ.

ಮುನಿರತ್ನಮ್ಮನವರು ಅಂಗಳದಲ್ಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಥರ್ಮಾಮೀಟ್ರು ಆಚೆ ತಂದು ನೋಡ್ದೆ ಅಣ್ಣ. ಮೂವತ್ತೈದು ದಾಟಿತ್ತು. ಎಷ್ಟೊತ್ತಿಂದ ಹಂಗಿತ್ತೋ ದೇವ್ರಿಗೇ ಗೊತ್ತು. ವೈರ್ ಕಿತ್ತ ಮೇಲೆ ಈಗ ಇಳೀತಾ ಐತೆ. ಇನ್ನೂ ಇಳಿದ್ರೆ ಚಳಿಗೆ ಹೋಯ್ತವೆ." ಮೊಟ್ಟೆಗೆ ಬೇಕಾದದ್ದು ಇಪ್ಪತ್ತೈದರ ಹದ. ಪಾಪಮ್ಮನವರು ಆಗಲೇ ಒಳಗೆ ಕೆಂಡದ ಬಟ್ಟಲನ್ನು ಬೂದಿ ಮುಚ್ಚಿ ಇಟ್ಟಿದ್ದರು. ಆದರೆ ಕೆಂಡದ ಹೊಗೆಯೂ ಮೊಟ್ಟೆಗೆ ಆಗದು, ಬಹಳ ಹೊತ್ತು ಇಡುವಂತಿರಲಿಲ್ಲ.

ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಎರಡು ಪದರದ ಕಪ್ಪು ಪರದೆ ಸರಿಸಿ ಒಳಗೆ ಹೋದೆವು. ನಡುಮಧ್ಯಾಹ್ನ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ನನ್ನ ಕೈ ನನಗೆ ಕಾಣದಷ್ಟು ಕತ್ತಲು. ಗೋಡೆಗೆ ಬಿಗಿದ ಪೆಟ್ಟಿಗೆಯನ್ನು ಹೊರಗೆ ತರುವಂತಿರಲಿಲ್ಲ, ಅಲ್ಲೇ ವೈರು ಕೊಟ್ಟರೆ ಗಾಜು ಬೆಳಗುತ್ತದೆ. ಕಂಬಳಿ ಹೊದ್ದು ಅದರೊಳಗೆ ದಿವ್ಯ ಗಾಜನ್ನು ಮುಟ್ಟಿ ಸರಿಮಾಡಲು ನೋಡಿದಳು. ಕಂಬಳಿಯ ಅಂಚಿನಿಂದ ಬೆಳಕು ಗೆರೆಯಾಗಿ ಹೊರಬಿತ್ತು. "ಅಯ್ಯೋ ದೀಪ, ದೀಪ!" ಎಂದು ಮುನಿರತ್ನಮ್ಮ ಕೂಗಿದರು. ದಿವ್ಯ ಬೆಚ್ಚಿ ವೈರು ಕಿತ್ತಳು. ದೀಪವಿಲ್ಲದೆ ಆ ಗಾಜಿನ ಮೇಲೆ ಏರಿಸುವುದೆಲ್ಲಿ ಇಳಿಸುವುದೆಲ್ಲಿ, ಮೇಲೆಲ್ಲಿ ಕೆಳಗೆಲ್ಲಿ, ಒಂದೂ ತಿಳಿಯುತ್ತಿರಲಿಲ್ಲ.

"ಸರ್, ಹಳೇ ಕೀಪ್ಯಾಡ್ ಇದ್ಯಾ?" ಎಂದಳು ಕತ್ತಲಲ್ಲೇ.

ಬ್ಯಾಗಿನಲ್ಲಿತ್ತು. ಆದರೆ ಹಳೆಯ ಕೀಪ್ಯಾಡಿನ ಭಾಷೆ ಹೊಸ ಪೆಟ್ಟಿಗೆಗೆ ಬಾರದು. ಅವಳು ಲ್ಯಾಪ್‌ಟಾಪ್ ಹಿಡಿದು ಪರದೆಯಾಚೆ ಪಡಸಾಲೆಯಲ್ಲಿ ಕೂತಳು. ಉದ್ದನೆಯ ವೈರನ್ನು ಪರದೆಯಡಿಯಿಂದ ಒಳಗೆ ತೂರಿಸಿದೆವು. ನಾನು ಗಾಜಿನ ವೈರು ಬಿಡಿಸಿ ಹಳೆಯ ಕೀಪ್ಯಾಡನ್ನು ಸಿಕ್ಕಿಸಿದೆ. ಇಷ್ಟು ವರ್ಷ ಮಾಡಿದ ಕೆಲಸ, ಆದರೂ ಪಿನ್ನು ಬಾಗಿದೆಯೇನೋ ಎಂದು ಎರಡೆರಡು ಸಲ ತಡವಿ ನೋಡಿದೆ. ಆಮೇಲೆ ಒಂದೊಂದೇ ಬಟನ್ ನಾನು ಒತ್ತುವುದು, ಏನು ಬಂತೆಂದು ಅವಳು ಆಚೆಯಿಂದ ಹೇಳುವುದು, ಅದನ್ನು ಪಟ್ಟಿಗೆ ಸೇರಿಸುವುದು.

"ಒತ್ತಿ ಸರ್... ಬಂತು. ಇದ್ಯಾವ್ದು? ಏರಿಸೋದಾ, ಇಳಿಸೋದಾ?"

ನಾನು ತಡೆದೆ. ಕೀಪ್ಯಾಡನ್ನು ನೆಟ್ಟಗೆ ಹಿಡಿದಿದ್ದೇನೋ ತಲೆಕೆಳಗಾಗಿ ಹಿಡಿದಿದ್ದೇನೋ ನನಗೆ ಗೊತ್ತಿರ‍ಲಿಲ್ಲ. ಎಲ್ಲ ಬಟನ್ನೂ ಬೆರಳಿಗೆ ಒಂದೇ. ಏರಿಸುವುದನ್ನು ಇಳಿಸುವುದೆಂದು ಹೇಳಿಬಿಟ್ಟರೆ ಮುಗಿಯಿತು. ಆಗ ನನ್ನ ಹೆಬ್ಬೆರಳು ತಾನಾಗಿಯೇ ಬಟನ್ ಮೇಲೆ ಏನನ್ನೋ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ನಾನೇ ಕಿತ್ತಿದ್ದೆ.

ಮುನಿರತ್ನಮ್ಮನವರ ಒದ್ದೆ ಕೈ ಕತ್ತಲಲ್ಲಿ ಬಂದು ಕೀಪ್ಯಾಡನ್ನು ತಡವಿತು. ವೈರು ಯಾವ ಕಡೆಯಿಂದ ಹೊರಟಿದೆ ಎಂದು ಮುಟ್ಟಿ ನೋಡಿ ಅದನ್ನು ತಿರುಗಿಸಿ ಹಿಡಿದರು. ಕದದ ಹಿಂದಿನ ಮೊಳೆಗೆ ಸಿಕ್ಕಿಸಿದ್ದ ಪಾಕೀಟಿನಿಂದ ಬೊಟ್ಟು ಬಿಡಿಸಿ ಒಂದು ಬಟನ್ನಿಗೆ ಒಂದು, ಅದರ ಪಕ್ಕದ್ದಕ್ಕೆ ಎರಡು ಅಂಟಿಸಿದರು.

"ಒಂದಿದ್ರೆ ಏರ್ಸೋದು. ಎರಡಿದ್ರೆ ಇಳ್ಸೋದು. ಅದಕ್ಕೇ ಕಣಣ್ಣ ನಾನು ಇಡ್ತಿದ್ದಿದ್ದು" ಎಂದರು.

ಕತ್ತಲಿದ್ದದ್ದು ಒಳ್ಳೆಯದಾಯಿತು. ನಾನು ಬೊಟ್ಟಿನ ಮೇಲೆ ಬೆರಳಿಟ್ಟು ಆಚೆಗೆ ಕೂಗಿ ಹೇಳಿದೆ. ದಿವ್ಯ ಪಟ್ಟಿ ಬರೆದಳು, ಮೇಲಿನ ಮಿತಿಯನ್ನು ಮೊಟ್ಟೆಗೆ ತಕ್ಕಷ್ಟಕ್ಕೆ ಇಳಿಸಿದಳು. ಗಾಜಿನ ವೈರನ್ನು ಹಾಗೇ ಬಿಡಿಸಿಟ್ಟೆವು. ಪೆಟ್ಟಿಗೆ ಒಂದು ಸಲ ಕೂಗಿ ಸುಮ್ಮನಾಯಿತು, ಹೀಟರು ಹದವಾಗಿ ಹತ್ತಿತು. ಮೊಟ್ಟೆಗಳು ಬದುಕಿದ್ದವೋ ಇಲ್ಲವೋ ಎಂಬುದು ಮಾತ್ರ ಬೆಳಕಿಗೆ ತೆಗೆಯುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ. ಬೆಳಕಿಗೆ ತೆಗೆಯುವುದು ಮರುದಿನ ಬೆಳಗ್ಗೆ.

ರಾತ್ರಿ ಮನೆಗೆ ಬಂದೆ. ನಸುಕಿನ ಫಜರ್ ನಮಾಜಿನಲ್ಲಿ ಆ ಮೊಟ್ಟೆಗಳಿಗಾಗಿಯೇ ಕೈ ಎತ್ತಿದೆ. ದುವಾ ಮುಗಿದದ್ದೇ ತಡ, ಮೊದಲ ಬಸ್ಸು ಹಿಡಿದೆ. ದಿವ್ಯ ನನಗಿಂತ ಮುಂಚೆಯೇ ಬಂದು ಅಂಗಳದಲ್ಲಿ ಕೂತಿದ್ದಳು. ಊರಿನ ಹೆಂಗಸರು ಕೆಲವರು ಸುದ್ದಿ ತಿಳಿದು ಬಂದು ಗೋಡೆ ಪಕ್ಕ ನಿಂತಿದ್ದರು. ಪಾಪಮ್ಮನವರು ಪರದೆ ಕಿತ್ತರು, ಮುನಿರತ್ನಮ್ಮ ಕಿಟಕಿ ತೆಗೆದರು. ಬೆಳಕು ತಟ್ಟೆಗಳ ಮೇಲೆ ಬಿತ್ತು.

ಕಾದೆವು. ಏನೂ ಕಾಣಲಿಲ್ಲ. ಇನ್ನೂ ಕಾದೆವು. ದಿವ್ಯ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಳಗೋಡೆಯ ಪಕ್ಕದ ತಟ್ಟೆಯಲ್ಲಿ ಕೂದಲೆಳೆಯಷ್ಟು ಕಪ್ಪಗೆ ಏನೋ ಅಲುಗಿತು. ಆಮೇಲೆ ಇನ್ನೊಂದು. ನೋಡನೋಡುತ್ತ ತಟ್ಟೆಗಳ ತುಂಬ ಸಣ್ಣ ಇರುವೆಗಳಂತೆ ಹುಳುಗಳು ಹೊರಬಂದವು. ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಗ್ಗಿ ನೋಡಿದರು. "ವಚ್ಚಿನಾಯಿ, ವಚ್ಚಿನಾಯಿ" ಎಂದು ಪಾಪಮ್ಮ ಕೈಮುಗಿದರು, ಬಂದವು ಬಂದವು ಎಂದು. ದಿವ್ಯ ಕಣ್ಣೊರೆಸಿಕೊಂಡಳು. ನಾನು ಗೋಡೆಗೊರಗಿ ಕೂತುಬಿಟ್ಟೆ.

ಕೂತಲ್ಲಿಂದ ನನಗೆ ಪೆಟ್ಟಿಗೆಯ ಕೆಳಗಿದ್ದ ತಟ್ಟೆ ಕಾಣುತ್ತಿತ್ತು. ಹೀಟರಿಗೆ ಎಲ್ಲಕ್ಕಿಂತ ಹತ್ತಿರದ್ದು. ಅದರಲ್ಲಿ ಏನೂ ಅಲುಗುತ್ತಿರಲಿಲ್ಲ. ಬಿಸಿಲು ಅಂಗಳದ ನಡುವಿಗೆ ಬಂದರೂ ಅಲುಗಲಿಲ್ಲ. ಮೊಟ್ಟೆಗಳು ಒಣಗಿ ತಗ್ಗಾಗಿದ್ದವು.

"ಇದು ಯಾರ್ದಮ್ಮ?" ಎಂದು ಕೇಳಿದೆ. ಆ ಮನೆಗೆ ನಾನೇ ಹೋಗಿ ಹೇಳಬೇಕೆಂದುಕೊಂಡಿದ್ದೆ.

ಮುನಿರತ್ನಮ್ಮ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಊರಿನ ಹುಳುಗಳ ಮೇಲೆ ಉದುರಿಸುತ್ತಿದ್ದರು. ತಲೆಯೆತ್ತಲಿಲ್ಲ.

"ನಮ್ದೇ ಅಣ್ಣ. ಊರವರ್ದು ಒಳಗಡೆ, ನಮ್ದು ಪೆಟ್ಟಿಗೆ ಪಕ್ಕ. ಕೈ ಕಾಲು ತಾಗಿದ್ರೆ, ಏನಾರ ಎಡವಟ್ಟಾದ್ರೆ, ನಮ್ದೇ ಹೋಗ್ಲಿ ಅಂತ ಯಾವಾಗ್ಲೂ ಹಂಗೇ ಇಡೋದು. ನಂಬಿ ಕೊಟ್ಟಿರ್ತಾರಲ್ಲ."

ಆ ಬೆಳೆಯಲ್ಲಿ ಊರಿನ ಮನೆಗಳೆಲ್ಲ ಹುಳು ಮೇಯಿಸಿದವು, ಮುನಿರತ್ನಮ್ಮನವರ ತೋಟದ ಸೊಪ್ಪು ಮಾತ್ರ ಹಾಗೇ ನಿಂತಿತ್ತು. ನನ್ನ ವೃತ್ತಿಯಲ್ಲಿ ಬಹಳ ಪೆಟ್ಟಿಗೆ ಕೂರಿಸಿದ್ದೇನೆ. ಆ ಸೊಪ್ಪಿನ ಮುಂದೆ ಹಾದುಹೋಗುವಾಗ ಆದ ಸಂಕಟ ಇನ್ನೆಲ್ಲೂ ಆಗಿಲ್ಲ. ದಿವ್ಯ ಆಮೇಲೆ ಹುಳು ಮನೆಯ ಪೆಟ್ಟಿಗೆಗಳಿಗೆಲ್ಲ ಉಬ್ಬಿದ ಬಟನ್ ಮಾಡಿದಳು, ನೀರು ಇಳಿಯದ ಹಾಗೆ, ಕತ್ತಲಲ್ಲಿ ಕೈಗೆ ಸಿಗುವ ಹಾಗೆ. ಹೊಸ ಅಚ್ಚು ಬರುವವರೆಗೆ ಹಳೆಯ ಪೆಟ್ಟಿಗೆಗಳಿಗೆ ನಾನು ಊರೂರಿಗೆ ಹೋಗಿ ಬೊಟ್ಟು ಅಂಟಿಸಿದೆ. ಶಬಾನಾಳಿಗೆ ಸಿಕ್ಕಿದ್ದು ಆ ಪಾಕೀಟು.

ಹುಳು ಹೊರಬಂದ ಆ ಬೆಳಗ್ಗೆ, ಹೊರಡುವ ಮೊದಲು ಅಭ್ಯಾಸ ಬಲದಿಂದ ನನ್ನ ಕೈ ಬ್ಯಾಗಿನಿಂದ ಸ್ಪಿರಿಟ್ ಬಟ್ಟೆ ತೆಗೆದು ಕೀಪ್ಯಾಡಿನ ಕಡೆ ಹೋಯಿತು. ಮುನಿರತ್ನಮ್ಮ ಸೊಪ್ಪು ಬಿಟ್ಟು ಎದ್ದು ಬಂದರು.

"ಒರೆಸು ಅಣ್ಣ, ಬೇಡ ಅನ್ನಲ್ಲ. ಬೊಟ್ಟು ಮಾತ್ರ ಕೀಳ್ಬೇಡ" ಎಂದರು.